ನಲವತ್ತರ ನಂತರದ ಆರೋಗ್ಯ: ಯುನಾನಿ ಹೇಳುವ ಆರು ಅಗತ್ಯಗಳು

ಎರಡು ವರ್ಷಗಳ ಹಿಂದಿನ ಮಾತು. ಆಗ ನನಗೆ 44 ವರ್ಷ. ಕ್ಲಿನಿಕ್‌ಗೆ ರಕ್ತದೊತ್ತಡ ನೋಡುವ ಹೊಸ ಯಂತ್ರ ತರಿಸಿದ್ದೆ. ಸಹಾಯಕ ಹುಡುಗ ಅದನ್ನು ಬಳಸಲು ಕಲಿಯಲೆಂದು ನನ್ನ ತೋಳಿಗೇ ಪಟ್ಟಿ ಸುತ್ತಿದ. 158/98 ಎಂದು ತೋರಿಸಿತು. "ಮಿಷನ್ ಸರಿಯಿಲ್ಲ ಅನ್ಸುತ್ತೆ ಡಾಕ್ಟರ್ ಸಾಬ್" ಎಂದ. ನನಗೂ ಹಾಗೆ ನಂಬಬೇಕೆನಿಸಿತು. ಹಳೆಯ ಯಂತ್ರದಲ್ಲಿ ನೋಡಿದೆ, ಮರುದಿನ ನೋಡಿದೆ, ವಾರ ಬಿಟ್ಟು ನೋಡಿದೆ. ಮಿಷನ್ ಸರಿಯಾಗಿಯೇ ಇತ್ತು, ಸರಿಯಿಲ್ಲದವನು ನಾನು.

ನನಗೆ ತಲೆನೋವಿರಲಿಲ್ಲ, ತಲೆಸುತ್ತೂ ಇರಲಿಲ್ಲ. ಬೆಳಗ್ಗೆ 10ರಿಂದ ರಾತ್ರಿ 9ರವರೆಗೆ ಕುರ್ಚಿಯಲ್ಲಿ ಕುಳಿತು "ನಡೆಯಿರಿ, ಉಪ್ಪು ಕಡಿಮೆ ಮಾಡಿ, ಬೇಗ ಮಲಗಿ" ಎಂದು ಹೇಳುತ್ತಿದ್ದವನು ನಾನೇ. ನನ್ನ ರಾತ್ರಿಯೂಟ ಮಾತ್ರ 10.30ಕ್ಕೆ. ನನ್ನ ತಂದೆ 57ನೇ ವಯಸ್ಸಿನಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡರು. ಅವರ ರಕ್ತದೊತ್ತಡವನ್ನು ಮೊದಲ ಬಾರಿ ನೋಡಿದ್ದು ಆಸ್ಪತ್ರೆಗೆ ಒಯ್ದ ದಿನವೇ. ಆದ್ದರಿಂದ ಈ ಲೇಖನವನ್ನು ವೈದ್ಯನಾಗಿ ಎಷ್ಟೋ, ರೋಗಿಯಾಗಿಯೂ ಅಷ್ಟೇ ಬರೆಯುತ್ತಿದ್ದೇನೆ.

ಕುಹೂಲತ್ ಎಂದರೇನು?

ಇಬ್ನ್ ಸೀನಾ (980-1037) ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಮನುಷ್ಯನ ಆಯುಸ್ಸನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಿದ್ದಾರೆ. ಸುಮಾರು 30ರವರೆಗೆ ಬೆಳವಣಿಗೆ, 35-40ರವರೆಗೆ ಯೌವನ, ಅಲ್ಲಿಂದ 60ರ ಹತ್ತಿರದವರೆಗೆ ಕುಹೂಲತ್ ಅಂದರೆ ಮಧ್ಯವಯಸ್ಸು, ನಂತರ ಮುಪ್ಪು. ಕುಹೂಲತ್‌ನಲ್ಲಿ ದೇಹದ ಸಹಜ ಉಷ್ಣತೆ ಇಳಿಯತೊಡಗುತ್ತದೆ, ಮಿಝಾಜ್ ಶೀತ ಮತ್ತು ಶುಷ್ಕ ಗುಣದತ್ತ ವಾಲುತ್ತದೆ ಎಂಬುದು ಯುನಾನಿಯ ವಿವರಣೆ.

ಇಂದಿನ ವೈದ್ಯವಿಜ್ಞಾನ ಬೇರೆ ಮಾತುಗಳಲ್ಲಿ ವಿವರಿಸುತ್ತದೆ. ವಯಸ್ಸಾದಂತೆ ಸ್ನಾಯುಗಳು ಸವೆಯುತ್ತವೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಇನ್ಸುಲಿನ್ ಮೊದಲಿನಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ರಕ್ತನಾಳಗಳು ಬಿರುಸಾಗುತ್ತವೆ. ವಿವರಣೆ ಯಾವುದಾದರೂ ತಾತ್ಪರ್ಯ ಒಂದೇ: 25ರಲ್ಲಿ ಉಂಡಷ್ಟೇ 45ರಲ್ಲೂ ಉಂಡರೆ, 25ರಲ್ಲಿ ದುಡಿದದ್ದರ ಅರ್ಧದಷ್ಟೂ ದುಡಿಯದಿದ್ದರೆ ಲೆಕ್ಕ ತಪ್ಪುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ.

ಆರೋಗ್ಯವನ್ನು ಕಾಯುವ ಅಥವಾ ಕೆಡಿಸುವ ಆರು ಸಂಗತಿಗಳನ್ನು ಯುನಾನಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತಾರೆ. ಇವು ಯಾರಿಗೂ ಬಿಟ್ಟಿದ್ದಲ್ಲ. ಒಂದೊಂದಾಗಿ ನೋಡೋಣ.

1. ಗಾಳಿ

ಬೀಡಿ, ಸಿಗರೇಟು, ಹುಕ್ಕಾ ಬಿಡುವುದು ಮೊದಲ ಕೆಲಸ. ಗುಟ್ಕಾ, ತಂಬಾಕಿನ ಪಾನ್ ಹೊಗೆ ಬಿಡುವುದಿಲ್ಲವೆಂದು ಸಮಾಧಾನ ಪಡಬೇಡಿ. ಬಾಯಿಯ ಕ್ಯಾನ್ಸರಿಗೆ ಅವೇ ದಾರಿ. ಅಡುಗೆ ಮಾಡುವಾಗ ಕಿಟಕಿ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಲೋಬಾನದ ಹೊಗೆ ಹಾಕುವ ರೂಢಿ ಇರುವ ಮನೆಗಳಲ್ಲಿ ಉಬ್ಬಸದವರಿದ್ದರೆ ಅದನ್ನು ನಿಲ್ಲಿಸಿ.

2. ಅನ್ನಪಾನ

ನಮ್ಮ ಮನೆಗಳ ಕಷ್ಟ ಇಲ್ಲಿಯೇ ಇದೆ. ಬಿರಿಯಾನಿಯ ಮೇಲೆ ನನಗೇನೂ ದ್ವೇಷವಿಲ್ಲ. ತಿಂಗಳಿಗೆ ಎರಡು ದಾವತ್, ಒಂದು ವಲೀಮಾ ಯಾರನ್ನೂ ರೋಗಿಯನ್ನಾಗಿ ಮಾಡುವುದಿಲ್ಲ. ರೋಗ ತರುವುದು ದಿನನಿತ್ಯದ ತಟ್ಟೆ. ತಟ್ಟೆಯ ಮುಕ್ಕಾಲು ಭಾಗ ಬಿಳಿ ಅನ್ನ, ಅದರ ಮೇಲೆ ಸಾರು, ಪಕ್ಕದಲ್ಲಿ ಎರಡು ತುಂಡು ಮಾಂಸ, ತರಕಾರಿ ಎಂದರೆ ನಾಲ್ಕು ಚೂರು ಈರುಳ್ಳಿ. ಇದನ್ನು ತಿರುಗಿಸಿ. ಅರ್ಧ ತಟ್ಟೆ ಸೊಪ್ಪು-ತರಕಾರಿ, ಕಾಲು ಭಾಗ ಅನ್ನ, ರೊಟ್ಟಿ ಅಥವಾ ಮುದ್ದೆ, ಇನ್ನು ಕಾಲು ಭಾಗ ಬೇಳೆ, ಮೀನು, ಮೊಟ್ಟೆ ಅಥವಾ ಕೊಬ್ಬು ತೆಗೆದ ಮಾಂಸ. ಪ್ರವಾದಿವರ್ಯರು(ಸ) ಕಲಿಸಿದ, ಹೊಟ್ಟೆಯ ಒಂದು ಪಾಲನ್ನು ಖಾಲಿ ಬಿಡುವ ಪಾಠ ನಮಗೆಲ್ಲ ಬಾಯಿಪಾಠ. ದಸ್ತರ್‌ಖಾನಿನ ಮುಂದೆ ಕುಳಿತಾಗ ಮಾತ್ರ ಅದು ಮರೆತುಹೋಗುತ್ತದೆ.

ಚಹಾದ ಲೆಕ್ಕವನ್ನೂ ಹಾಕಿ. ದಿನಕ್ಕೆ 5 ಚಹಾ, ಒಂದೊಂದಕ್ಕೆ 2 ಚಮಚ ಸಕ್ಕರೆ ಎಂದರೆ 10 ಚಮಚ, ಅಂದರೆ ಸುಮಾರು 40-50 ಗ್ರಾಂ. ಜೊತೆಗೆ ಬಿಸ್ಕತ್ತು, ರಸ್ಕ್. "ನಾನು ಸಿಹಿ ಮುಟ್ಟುವುದೇ ಇಲ್ಲ" ಎನ್ನುವ ಹಲವರ ಸಕ್ಕರೆ ಹೀಗೆ ಒಳಗೆ ಹೋಗುತ್ತದೆ.

ಉಪ್ಪು ಇಡೀ ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲವೂ ಆ ಲೆಕ್ಕದಲ್ಲೇ ಬರಬೇಕು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ರಾತ್ರಿಯೂಟಕ್ಕೂ ನಿದ್ರೆಗೂ ಕನಿಷ್ಠ 2 ಗಂಟೆ ಅಂತರವಿರಲಿ.

3. ದೇಹದ ಚಲನೆ ಮತ್ತು ವಿಶ್ರಾಂತಿ

"ಐದು ಹೊತ್ತು ನಮಾಝ್ ಮಾಡುತ್ತೇನೆ, ಬೇರೆ ವ್ಯಾಯಾಮ ಯಾಕೆ?" ಎಂದು ಕೇಳುವವರಿದ್ದಾರೆ. ನಮಾಝ್ ಆರಾಧನೆ. ಅದರಿಂದ ಕೀಲುಗಳಿಗೆ ಒಳ್ಳೆಯದಾಗುತ್ತದೆ ನಿಜ, ಆದರೆ ಹೃದಯಕ್ಕೆ ಬೇಕಾದ ಶ್ರಮ ಅದರಲ್ಲಿ ಸಿಗುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ 5 ದಿನ 30 ನಿಮಿಷ, ಚುರುಕಾಗಿ ನಡೆಯಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಮಸೀದಿಗೆ ಬೈಕ್ ಬಿಟ್ಟು ನಡೆದೇ ಹೋದರೆ ಅರ್ಧ ಲೆಕ್ಕ ಅಲ್ಲೇ ಮುಗಿಯುತ್ತದೆ.

ವಾರಕ್ಕೆ 2 ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ 10 ಬಾರಿ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಕೈಯಿಟ್ಟು ತಳ್ಳುವುದು ಸಾಕು. ಐವತ್ತಕ್ಕೇ ಕುರ್ಚಿಯ ಮೇಲೆ ನಮಾಝ್ ಮಾಡುವ ಸ್ಥಿತಿ ಬರಬಾರದೆಂದಿದ್ದರೆ ತೊಡೆಯ ಸ್ನಾಯುಗಳನ್ನು ನಲವತ್ತರಲ್ಲೇ ನೋಡಿಕೊಳ್ಳಬೇಕು.

ಸಹೋದರಿಯರಿಗೆ ಒಂದು ಮಾತು. ಮನೆಗೆಲಸದಲ್ಲಿ ದಣಿವಿದೆ, ಆದರೆ ಬಹುಪಾಲು ನಿಂತಲ್ಲೇ ಮಾಡುವ ಕೆಲಸ. ಹೊರಗೆ ಹೋಗಲು ಸಂಕೋಚವಾದರೆ ತಾರಸಿಯ ಮೇಲೆ ನಡೆಯಿರಿ, ಅಕ್ಕಪಕ್ಕದ ಮೂರ್ನಾಲ್ಕು ಮಂದಿ ಸೇರಿ ಫಜ್ರ್ ನಂತರ ಹೊರಡಿ. ಮುಟ್ಟು ನಿಂತ ಮೇಲೆ ಮೂಳೆಗಳು ಬೇಗ ಸವೆಯುತ್ತವೆ. ಬಿಸಿಲು ಕಡಿಮೆ ಬೀಳುವ ನಮ್ಮ ಹೆಣ್ಣುಮಕ್ಕಳಲ್ಲಿ ವಿಟಮಿನ್ ಡಿ ಕೊರತೆಯೂ ಸೇರುತ್ತದೆ. ತಾರಸಿಯ ಮರೆಯಲ್ಲಿ ಕೈಕಾಲಿಗೆ ಬಿಸಿಲು ಬೀಳಲಿ. ಗಂಡಸರೇ, ಆ ಅರ್ಧ ಗಂಟೆ ಮಕ್ಕಳನ್ನು ನೀವು ನೋಡಿಕೊಳ್ಳಿ. ಈ ಚಿಕಿತ್ಸೆಗೆ ಖರ್ಚಿಲ್ಲ.

4. ಮನಸ್ಸಿನ ಚಲನೆ ಮತ್ತು ವಿಶ್ರಾಂತಿ

ಕೋಪ, ದುಃಖ, ಭಯ, ಚಿಂತೆ ದೇಹವನ್ನು ಕೆಡಿಸುತ್ತವೆ ಎಂದು ಹಳೆಯ ಹಕೀಮರು ಬರೆದಿಟ್ಟಿದ್ದಾರೆ. ಮಗಳ ಮದುವೆಯ ಸಾಲ, ಗಲ್ಫ್‌ನಲ್ಲಿ ಕೆಲಸ ಕಳೆದುಕೊಂಡ ಮಗ, ವಯಸ್ಸಾದ ಅಮ್ಮನ ಆರೈಕೆ – ಮಧ್ಯವಯಸ್ಸಿನಲ್ಲಿ ಎಲ್ಲ ಭಾರವೂ ಒಮ್ಮೆಗೇ ಬೀಳುತ್ತದೆ. ದುಆ ಮನಸ್ಸಿಗೆ ಬಲ ಕೊಡುತ್ತದೆ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ನಿದ್ರೆಯಿಲ್ಲ, ಬದುಕೇ ಬೇಡವೆನಿಸುತ್ತದೆ ಎಂದಾದರೆ ಅದು ಈಮಾನಿನ ಕೊರತೆಯಲ್ಲ, ಕಾಯಿಲೆ. ಮನೋವೈದ್ಯರ ಬಳಿ ಹೋಗಲು ನಾಚಬೇಡಿ.

5. ನಿದ್ರೆ ಮತ್ತು ಎಚ್ಚರ

ಇಶಾ ನಂತರ ಬೇಗ ಮಲಗಿ ಫಜ್ರ್‌ಗೆ ಏಳುವವರಿಗೆ 7 ಗಂಟೆ ನಿದ್ರೆ ಸಿಗುತ್ತದೆ. ಈಗ ನಡುರಾತ್ರಿಯವರೆಗೆ ಮೊಬೈಲ್, ಫಜ್ರ್‌ಗೆ ಎದ್ದು ಮತ್ತೆ 9ರವರೆಗೆ ನಿದ್ರೆ. ಹೀಗೆ ತುಂಡಾದ ನಿದ್ರೆಯಿಂದ ದಣಿವು ಆರುವುದಿಲ್ಲ. ಮಧ್ಯಾಹ್ನದ ಖೈಲೂಲಾ 20-30 ನಿಮಿಷ ಸಾಕು. ಜೋರಾಗಿ ಗೊರಕೆ ಹೊಡೆಯುವವರು ನಡುನಡುವೆ ಉಸಿರು ಕಟ್ಟಿ ಎಚ್ಚರಗೊಳ್ಳುತ್ತಿದ್ದರೆ, ಹಗಲಲ್ಲಿ ತೂಕಡಿಸುತ್ತಿದ್ದರೆ ಪರೀಕ್ಷೆ ಮಾಡಿಸಿ. ರಕ್ತದೊತ್ತಡಕ್ಕೂ ಇದಕ್ಕೂ ನಂಟಿದೆ.

6. ವಿಸರ್ಜನೆ ಮತ್ತು ಧಾರಣ

ಮಲಬದ್ಧತೆಗೆ ಜುಲಾಬು ಅಭ್ಯಾಸ ಮಾಡಿಕೊಳ್ಳಬೇಡಿ. ತರಕಾರಿ, ನೀರು, ನಡಿಗೆ ಮೊದಲು. ಬೇಕಾದರೆ ನೀರಿನೊಂದಿಗೆ ಇಸಬ್‌ಗೋಲ್. ಮೂತ್ರ ತಡೆದುಕೊಳ್ಳಬೇಡಿ. ಮುಟ್ಟು ನಿಂತು ಒಂದು ವರ್ಷದ ಮೇಲೆ ಮತ್ತೆ ರಕ್ತ ಕಂಡರೆ, ಮಲದಲ್ಲಿ ರಕ್ತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಮನೆಮದ್ದು ಬೇಡ, ತಕ್ಷಣ ತೋರಿಸಿ. ಹಿಜಾಮಾ ಮಾಡಿಸುವವರು ತರಬೇತಾದವರ ಬಳಿಯೇ ಹೋಗಿ. ರಕ್ತಹೀನತೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ತಿಳಿಸಬೇಕು.

ಅಳೆದು ನೋಡಿ

ನಲವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಇವುಗಳನ್ನು ನೋಡಿಸಿಕೊಳ್ಳಬೇಕು:

- ರಕ್ತದೊತ್ತಡ: ಕ್ಲಿನಿಕ್‌ನಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು.
- ಖಾಲಿ ಹೊಟ್ಟೆಯ ಸಕ್ಕರೆ: 100ಕ್ಕಿಂತ ಕಡಿಮೆ ಇರಬೇಕು. 100-125 ಎಚ್ಚರಿಕೆ. 126 ಅಥವಾ ಹೆಚ್ಚಿದ್ದು, ಮರುಪರೀಕ್ಷೆಯಲ್ಲೂ ಹಾಗೇ ಬಂದರೆ ಮಧುಮೇಹ.
- ಸೊಂಟದ ಸುತ್ತಳತೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.
- ಕೊಲೆಸ್ಟ್ರಾಲ್, ಮೂತ್ರಪಿಂಡದ ಪರೀಕ್ಷೆ, ಕಣ್ಣು: ವೈದ್ಯರು ಹೇಳಿದಂತೆ.

ಯುನಾನಿ ವೈದ್ಯನಾಗಿ ಒಂದು ಎಚ್ಚರಿಕೆ

ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಅಂಗಡಿ ಮಾಲೀಕರಿಗೆ 52 ವರ್ಷ. ಯಾರೋ ಹೇಳಿದರೆಂದು ಸಕ್ಕರೆ ಮಾತ್ರೆ ನಿಲ್ಲಿಸಿ ಬರೀ ಕಲೋಂಜಿ ಪುಡಿ ತಿನ್ನತೊಡಗಿದರು. ನಾಲ್ಕು ತಿಂಗಳ ನಂತರ ಬಂದಾಗ ಕಾಲಿನಲ್ಲಿ ಹುಣ್ಣು, ಸಕ್ಕರೆ 386. ಆಸ್ಪತ್ರೆಗೆ ಕಳಿಸಿದೆ. ಪ್ರಾಣ ಉಳಿಯಿತು, ಒಂದು ಬೆರಳು ಹೋಯಿತು. ಅವರ ಪತ್ನಿ, "ನೀವಾದ್ರೂ ಮೊದಲೇ ಬೈದು ಹೇಳ್ಬೇಕಿತ್ತು ಡಾಕ್ಟರ್ ಸಾಬ್" ಎಂದರು. ಅಂದಿನಿಂದ ಬೈದೇ ಹೇಳುತ್ತಿದ್ದೇನೆ.

ಕಲೋಂಜಿ, ಮೆಂತ್ಯ ಆಹಾರದಲ್ಲಿರಲಿ. ಅವು ಮಾತ್ರೆಯ ಬದಲಿಗೆ ಅಲ್ಲ. ಯುನಾನಿಯ ಮಾಜೂನ್, ಖಮೀರಾಗಳನ್ನು ಸಕ್ಕರೆ ಅಥವಾ ಜೇನಿನ ಪಾಕದಲ್ಲೇ ಮಾಡುವುದರಿಂದ ಮಧುಮೇಹಿಗಳು ಕೇಳದೆ ತಿನ್ನಬಾರದು. ಹೆಸರು, ಲೈಸೆನ್ಸ್ ನಂಬರ್ ಇಲ್ಲದ ಪುಡಿಪೊಟ್ಟಣಗಳನ್ನು ಯಾರು ಕೊಟ್ಟರೂ ಬೇಡ. ಯಾವ ಪದ್ಧತಿಯ ಔಷಧಿ ತೆಗೆದುಕೊಳ್ಳುತ್ತಿದ್ದೀರೆಂದು ಎಲ್ಲ ವೈದ್ಯರಿಗೂ ತಿಳಿಸಿ.

ರಮಝಾನಿಗೂ ಇದೇ ಮಾತು. ಮಧುಮೇಹ, ರಕ್ತದೊತ್ತಡ ಇರುವವರು ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಔಷಧಿಯ ಹೊತ್ತು ಮತ್ತು ಪ್ರಮಾಣ ಬದಲಿಸಿಕೊಳ್ಳಬೇಕು. ಉಪವಾಸದಲ್ಲಿ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಬಳಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಇನ್ನು ನನ್ನ ವಿಷಯ. ಫಿಸಿಶಿಯನ್ ಆಗಿರುವ ಗೆಳೆಯರೊಬ್ಬರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಊಟ 8.30ಕ್ಕೆ ಬಂತು, ಫಜ್ರ್ ನಂತರ 40 ನಿಮಿಷ ನಡಿಗೆ, ಮನೆಯಲ್ಲಿ ಉಪ್ಪಿನಕಾಯಿ ಭರಣಿ ಮೇಲಿನ ಕಪಾಟಿಗೆ ಹೋಯಿತು. ಆರು ತಿಂಗಳಲ್ಲಿ 6 ಕೆ.ಜಿ. ಇಳಿದೆ. ಈಗ ರಕ್ತದೊತ್ತಡ 128/82ರ ಆಸುಪಾಸಿನಲ್ಲಿದೆ. ಮಾತ್ರೆ ಇನ್ನೂ ನಡೆಯುತ್ತಿದೆ, ನಿಲ್ಲಿಸಲೇಬೇಕೆಂಬ ಹಠ ನನಗಿಲ್ಲ.

ನೀವೂ ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಈ ವಾರ ಚಹಾದ ಸಕ್ಕರೆ ಅರ್ಧಕ್ಕಿಳಿಸಿ, ಮುಂದಿನ ವಾರ ನಡಿಗೆ ಆರಂಭಿಸಿ, ಅದರ ಮುಂದಿನ ವಾರ ಊಟದ ಹೊತ್ತು ಸರಿಪಡಿಸಿ. ಮೊದಲಿಗೆ, ಈ ಪತ್ರಿಕೆ ಮಡಚಿಟ್ಟ ಮೇಲೆ, ಮನೆಯಲ್ಲಿ ನಲವತ್ತು ದಾಟಿದ ಎಲ್ಲರ ರಕ್ತದೊತ್ತಡವನ್ನು ಒಮ್ಮೆ ನೋಡಿಸಿ. ನನ್ನ ತಂದೆಗೆ ನಾವು ಯಾರೂ ಅದನ್ನು ಮಾಡಿಸಲಿಲ್ಲ.