ಜಡದ ಜಾಡು

ಕಲ್ಲನ್ನು ಜಡ ಎನ್ನುವವರು ವಿಜ್ಞಾನದ ಮೇಷ್ಟ್ರು, ಬಿಟ್ಟರೆ ವೇದಾಂತದ ಪಂಡಿತರು. ಉಳಿದವರ ಬಾಯಲ್ಲಿ ಜಡವಾಗುವುದು ಜೀವವಿರುವ ಮೈಯೇ. ಹೊಟ್ಟೆತುಂಬ ಉಂಡು ಮಲಗೆದ್ದರೆ ಮೈಯೆಲ್ಲ ಜಡ. ಕಾಯಿಲೆಗೆ ಜಾಡ್ಯ ಎಂಬ ಹೆಸರು ಬಂದದ್ದೂ ಇದೇ ಪದದಿಂದ.

ಸಂಸ್ಕೃತದ ‘ಜಡ’ಕ್ಕೆ ತಣ್ಣಗಿನದು, ಚಳಿಗೆ ಮರಗಟ್ಟಿದ್ದು ಎಂಬ ಅರ್ಥಗಳುಂಟು. ಡಕಾರ ಲಕಾರಗಳಿಗೆ ಭೇದವಿಲ್ಲವೆಂಬ ರಿಯಾಯಿತಿ ಹಿಡಿದು ಕವಿಗಳು ಜಡವನ್ನು ಜಲದೊಡನೆ ಸೇರಿಸಿ ಶ್ಲೇಷೆ ಹೆಣೆದರು. ಮೈಯ ಮರಗಟ್ಟುವಿಕೆ ಬುದ್ಧಿಗೂ ಹತ್ತಿತು. ಮನುಸ್ಮೃತಿಯಂತೂ ಆಸ್ತಿಯಲ್ಲಿ ಪಾಲಿಲ್ಲದವರ ಸಾಲಿಗೆ ಹುಟ್ಟುಕುರುಡ, ಕಿವುಡ, ಮೂಕರ ಜೊತೆ ‘ಜಡ’ನನ್ನೂ ತಳ್ಳಿತು.

ಈ ಬೈಗುಳವನ್ನು ಬೇಕೆಂದೇ ಹೊತ್ತವನು ಭಾಗವತದ ಐದನೆಯ ಸ್ಕಂಧದ ಜಡಭರತ. ಹಿಂದೊಂದು ಜನ್ಮದಲ್ಲಿ ಜಿಂಕೆಮರಿಯ ಮೋಹಕ್ಕೆ ಬಿದ್ದು ಕೆಟ್ಟವನು. ಈ ಸಲ ಯಾರ ಸಹವಾಸವೂ ಬೇಡವೆಂದು ಮಂಕನಂತೆ ನಟಿಸುತ್ತಾನೆ. ರಹೂಗಣ ರಾಜನ ಪಲ್ಲಕ್ಕಿ ಹೊರಲು ಹಿಡಿದು ತಂದರೆ, ಕಾಲಡಿ ಹುಳುಹುಪ್ಪಟೆ ಸಾಯದಂತೆ ನೋಡಿ ನೋಡಿ ಹೆಜ್ಜೆಯಿಡುತ್ತಾನೆ. ಪಲ್ಲಕ್ಕಿ ಓಲಾಡುತ್ತದೆ, ರಾಜ ಸಿಡುಕುತ್ತಾನೆ. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಎಚ್ಚರವಾಗಿದ್ದವನಿಗೇ ಜಡನೆಂಬ ಹೆಸರು! ಧಾರವಾಡದ ಮನೋಹರ ಗ್ರಂಥಮಾಲೆಯ ಜಿ.ಬಿ. ಜೋಶಿಯವರು ನಾಟಕಗಳಿಗೆ ‘ಜಡಭರತ’ ಎಂಬುದನ್ನೇ ಕಾವ್ಯನಾಮ ಮಾಡಿಕೊಂಡರು.

ಪದವನ್ನು ಮನುಷ್ಯನಿಂದ ಬಿಡಿಸಿ ಮಣ್ಣು, ಮಡಕೆಗೆ ಅಂಟಿಸಿದ್ದು ದರ್ಶನಗಳು. ತಿಳಿವಿಲ್ಲದ್ದೆಲ್ಲ ಜಡ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ದೇವರು, ಜೀವ, ಜಡಗಳ ನಡುವೆ ಹೇಳಿದ ಪಂಚಭೇದದಲ್ಲಿ ಮೂರು ಕಡೆ ಜಡ ಬರುತ್ತದೆ. ಅದರಲ್ಲಿ ನನಗೆ ಇಷ್ಟ ಜಡ-ಜಡ ಭೇದ: ಒಂದು ಮಡಕೆ ಇನ್ನೊಂದು ಮಡಕೆಯಲ್ಲ. ನಿರ್ಜೀವಕ್ಕೂ ತನ್ನದೇ ಗುರುತು ಕೊಟ್ಟ ಮಾತದು.

ಕನ್ನಡದ ಪಠ್ಯಪುಸ್ತಕಕ್ಕೆ ಜಡತ್ವ ಬಂದದ್ದು ನ್ಯೂಟನ್ನನ ನಿಯಮದ ಬೆನ್ನಿಗೆ. ಅದರ ಲ್ಯಾಟಿನ್ ಮೂಲ ‘ಇನರ್ಷಿಯಾ’ದ ಅರ್ಥವೂ ಸೋಮಾರಿತನವೇ. ವಸ್ತುವಿನ ರಾಶಿ ಹೆಚ್ಚಿದಷ್ಟೂ ಜಡತ್ವ ಹೆಚ್ಚು ಎಂದು ನಾವು ಬಾಯಿಪಾಠ ಮಾಡಿದೆವು. ಉತ್ತರ ಕರ್ನಾಟಕದಲ್ಲಿ ಮೂಟೆ ಎತ್ತುವವರು ಪಾಠವಿಲ್ಲದೆಯೇ ‘ಭಾಳ ಜಡ ಐತಿ’ ಅನ್ನುತ್ತಾರೆ. ಅಲ್ಲಿ ಜಡ ಅಂದರೆ ಭಾರ.

1894ರಲ್ಲಿ ರ್‍ಯಾಲೆ ಮತ್ತು ರ್‍ಯಾಮ್ಸೆ ಕಂಡುಹಿಡಿದ ಆರ್ಗಾನ್‌ಗೂ ಗ್ರೀಕಿನ ಸೋಮಾರಿಯ ಹೆಸರೇ. ಯಾವುದರೊಂದಿಗೂ ಕೂಡುವುದಿಲ್ಲವೆಂದು ಎಣಿಸಿದ್ದ ಆ ಅನಿಲದ ಕುಟುಂಬಕ್ಕೆ ಕನ್ನಡದಲ್ಲಿ ಜಡಾನಿಲ ಎಂಬ ಹೆಸರಾಯಿತು. 1962ರಲ್ಲಿ ನೀಲ್ ಬಾರ್ಟ್ಲೆಟ್ ಅದೇ ಕುಟುಂಬದ ಜೀನಾನ್ ಅನ್ನು ಪ್ಲಾಟಿನಮ್ ಹೆಕ್ಸಾಫ್ಲೋರೈಡ್ ಜೊತೆ ಬೆರೆಸಿದರು. ಎರಡೂ ಕೂಡಿ ಗಾಜಿನ ಪಾತ್ರೆಯಲ್ಲಿ ಕಿತ್ತಳೆ-ಹಳದಿ ಪುಡಿ ಕೂತಿತು. ಮಕ್ಕಳು ಮಾತ್ರ ಇಂದಿಗೂ ಪರೀಕ್ಷೆಯಲ್ಲಿ ಜಡಾನಿಲವೆಂದೇ ಬರೆಯುತ್ತಾರೆ, ಅಂಕವೂ ಸಿಗುತ್ತದೆ.