ಸುವರ್ಣಭೂಮಿಯ ನೆಲಮಾಳಿಗೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ಸುಂಕವೆಂದು ತಿಳಿದು ಕೊಟ್ಟರೆ ಆ ದುಃಖ ಒಂದು ಬಗೆಯದು. ಕೊಟ್ಟದ್ದು ಸುಂಕವೆಂಬುದೇ ತಿಳಿಯದೆ, ಮೇಲೆ ವಂದನೆಯನ್ನೂ ಹೇಳಿ ಬರುವುದು ಇನ್ನೊಂದು ಬಗೆಯದು. ಈ ಎರಡನೆಯದನ್ನು ನಾನು ಅನುಭವಿಸಿದ್ದು ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ.

2006ರಲ್ಲಿ ತೆರೆದ ಆ ನಿಲ್ದಾಣದ ಹೆಸರು ಸುವರ್ಣಭೂಮಿ. ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆ ಹಾರಿದರೆ ಸಿಕ್ಕುವ ಪರದೇಶ. ತಾಯಿಯವರು, ಮಡದಿ ಮತ್ತು ಇಬ್ಬರು ಮಕ್ಕಳೊಡನೆ ನಾನು ಅಲ್ಲಿ ಇಳಿದಾಗ ಬೆಳಗಿನ ಒಂಬತ್ತು ಗಂಟೆ. ಥಾಯಿ ಹಣಕ್ಕೆ ಬಾತ್ ಎಂದು ಹೆಸರು. ಮಕ್ಕಳು ಅದನ್ನು ಬಿಸಿಬೇಳೆಭಾತಿನ ಬಂಧುವೆಂದೇ ತಿಳಿದಿದ್ದರು. ತಾಯಿಯವರು ತಮ್ಮ ಪಿಂಚಣಿಯಲ್ಲಿ ಉಳಿಸಿದ ಹಣದಿಂದ ಕೊಂಡ 300 ಡಾಲರು ನನ್ನ ಕೈಯಲ್ಲಿತ್ತು. ಹೊರಗೆ ಬಂದ ಒಡನೆಯೇ ಬೆಳಗುವ ದೀಪಗಳ ಕೌಂಟರೊಂದು ಕಂಡಿತು. 'ಕಮಿಷನ್ ಇಲ್ಲ' ಎಂದು ಫಲಕವೂ ಇತ್ತು. ನಿದ್ದೆಗೆಟ್ಟ ಕಣ್ಣಿಗೆ ಅದು ಧರ್ಮಛತ್ರದಂತೆಯೇ ತೋರಿತು. ಡಾಲರಿಗೆ 31ರಂತೆ 9,300 ಬಾತ್ ಎಣಿಸಿಕೊಂಡೆ.

ಊರೊಳಗೆ ಹೋಗುವ ರೈಲು ನಿಲ್ದಾಣದ ಕಟ್ಟಡದ ತಳದಲ್ಲಿಯೇ ಹೊರಡುತ್ತದೆ. ಎರಡು ಅಂತಸ್ತು ಇಳಿದು ನೆಲಮಾಳಿಗೆಗೆ ಬಂದಾಗ, ರೈಲಿನ ಬಾಗಿಲ ಬಳಿ ಸಾಲಾಗಿ ನಾಲ್ಕಾರು ಪುಟ್ಟ ಹಣದಂಗಡಿಗಳು. ಅವುಗಳಲ್ಲೊಂದರ ಫಲಕದಲ್ಲಿ ಅದೇ ಡಾಲರಿಗೆ 32.80 ಬಾತ್. ತಾಯಿಯವರು ಕನ್ನಡಕ ಸರಿಪಡಿಸಿಕೊಂಡು ಓದಿ, "ಇದೇನೋ, ಮೇಲೆ ಒಂದು ಬೆಲೆ, ಕೆಳಗೆ ಒಂದು ಬೆಲೆ?" ಎಂದರು. ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ಕಾಲು ಗಂಟೆಯಲ್ಲಿ 540 ಬಾತ್, ನಮ್ಮ ಹಣದಲ್ಲಿ ಸಾವಿರ ರೂಪಾಯಿಗೂ ಮೇಲೆ, ಹೋಗಿತ್ತು.

ತಾಯಿಯವರ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಹೇಳಬಲ್ಲೆ.

ಹಿಂದೆ ನಮ್ಮ ಪೇಟೆಗಳಲ್ಲಿ ಚಿನಿವಾರರಿದ್ದರು. ನಾಣ್ಯವನ್ನು ಪರೀಕ್ಷಿಸಿ, ಒಂದು ಸೀಮೆಯ ಹಣಕ್ಕೆ ಇನ್ನೊಂದು ಸೀಮೆಯ ಹಣ ಕೊಟ್ಟು, ನಡುವೆ ತಮ್ಮ ವಟ್ಟವನ್ನು ಹಿಡಿದುಕೊಳ್ಳುತ್ತಿದ್ದರು. ಇಂದಿನ ಕೌಂಟರಿನವನೂ ಚಿನಿವಾರನೇ. ಅವನ ಫಲಕದಲ್ಲಿ ಎರಡು ಬೆಲೆಗಳಿರುತ್ತವೆ: ಅವನು ಕೊಳ್ಳುವ ಬೆಲೆ ಒಂದು, ಮಾರುವ ಬೆಲೆ ಒಂದು. ಇವೆರಡರ ನಡುವಣ ಅಂತರವೇ ಅವನ ಸಂಪಾದನೆ. ಕಮಿಷನ್ ಇಲ್ಲವೆಂಬುದು ಸುಳ್ಳಲ್ಲ. ವಟ್ಟ ಬೆಲೆಯೊಳಗೇ ಅಡಗಿ ಕುಳಿತಿದೆ, ಅಷ್ಟೆ. ಬ್ಯಾಂಕುಗಳು ತಮ್ಮತಮ್ಮಲ್ಲಿ ನಡೆಸುವ ವ್ಯವಹಾರದ ನಡುದರ ಅಂದು 33 ಬಾತ್ ಇದ್ದಿತೆನ್ನಿ. ಮೇಲಿನವನು ನೂರಕ್ಕೆ ಆರರಷ್ಟು ಹಿಡಿದುಕೊಂಡ. ಕೆಳಗಿನವನು ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಹಿಡಿಯುತ್ತಿದ್ದ.

ಒಂದೇ ಕಟ್ಟಡದಲ್ಲಿ ಈ ಭೇದವೇಕೆ? ಮೇಲೆ ನಿಂತಿರುವ ಪ್ರಯಾಣಿಕ ದಣಿದವನು, ದಾರಿಯರಿಯದವನು, ಕೈಯಲ್ಲಿ ಆ ದೇಶದ ಬಿಡಿಕಾಸೂ ಇಲ್ಲದವನು. ಅವನು ಹೋಲಿಸಿ ನೋಡುವುದಿಲ್ಲವೆಂಬುದು ವ್ಯಾಪಾರಿಗೆ ಗೊತ್ತು. ಕೆಳಗಿನ ಅಂಗಡಿಗಳಾದರೋ ಒಂದರ ಪಕ್ಕಕ್ಕೊಂದು ಇವೆ. ಫಲಕಗಳನ್ನು ಒಂದೇ ನೋಟದಲ್ಲಿ ಹೋಲಿಸಬಹುದು. ರೈಲು ಹತ್ತಿ ಹೋದರೆ ಊರೊಳಗೂ ಅವೇ ಹೆಸರಿನ ಅಂಗಡಿಗಳು ಸಿಕ್ಕುತ್ತವೆ. ಗಿರಾಕಿ ಕೈತಪ್ಪುವ ಭಯವೇ ಅಲ್ಲಿ ಬೆಲೆಯನ್ನು ನೆಟ್ಟಗೆ ಇಟ್ಟಿದೆ.

ಸುವರ್ಣಭೂಮಿಯಲ್ಲಿ ಇಳಿಯುವವರು ಮಾಡಬೇಕಾದದ್ದಿಷ್ಟು. ಬಂದಿಳಿಯುವ ಸಭಾಂಗಣ ಎರಡನೆಯ ಅಂತಸ್ತಿನಲ್ಲಿದೆ. ರೈಲಿನ ಗುರುತನ್ನು ಅನುಸರಿಸಿ, 'ಬಿ' ಎಂದು ಬರೆದಿರುವ ತಳದ ಅಂತಸ್ತಿಗೆ ಇಳಿಯಿರಿ. ಅಲ್ಲಿ ಸೂಪರ್‌ರಿಚ್ ಎಂಬ ಹೆಸರಿನ ಅಂಗಡಿಗಳಿವೆ. ಹಸಿರು ಬಣ್ಣದ್ದೊಂದು, ಕಿತ್ತಳೆ ಬಣ್ಣದ್ದೊಂದು. ಹೆಸರು ಒಂದಾದರೂ ಒಡೆಯರು ಬೇರೆ. ನೆರೆಯಲ್ಲಿ ಇನ್ನೂ ಕೆಲವಿವೆ. ಪಾಸ್‌ಪೋರ್ಟ್ ತೋರಿಸಬೇಕು. 100 ಡಾಲರಿನ ನೋಟಿಗೆ ಹೆಚ್ಚಿನ ದರವೂ, ಚಿಕ್ಕ ನೋಟುಗಳಿಗೆ ಕಡಿಮೆ ದರವೂ ಇರುತ್ತವೆ. ಹರಿದ, ಗೀಚಿದ ನೋಟನ್ನು ಮುಟ್ಟುವುದಿಲ್ಲ. ಈ ಅಂಗಡಿಗಳೆಲ್ಲವೂ ರಾತ್ರಿಯಿಡೀ ತೆರೆದಿರುವುದಿಲ್ಲ. ಅಪರಾತ್ರಿಯಲ್ಲಿ ಇಳಿದವರು ಮೇಲೆ ಟ್ಯಾಕ್ಸಿಗೆ ಬೇಕಾದಷ್ಟನ್ನು ಮಾತ್ರ ಬದಲಿಸಿಕೊಂಡು, ಉಳಿದದ್ದನ್ನು ಬೆಳಗಿಗೆ ಬಿಡುವುದು ಲೇಸು.

ಹೊರಡುವ ಮೊದಲು ಊರಿನಲ್ಲಿಯೇ ಬಾತ್ ಕೊಳ್ಳಬಾರದೇ ಎನ್ನಬಹುದು. ಕೊಳ್ಳಬಹುದು. ಆದರೆ ಡಾಲರಿನಷ್ಟು ಬಳಕೆಯಿಲ್ಲದ ಹಣಕ್ಕೆ ನಮ್ಮ ವ್ಯಾಪಾರಿಗಳು ಅಂತರವನ್ನು ಅಗಲವಾಗಿಯೇ ಇಡುತ್ತಾರೆ. ರೂಪಾಯಿಯಿಂದ ಡಾಲರು, ಡಾಲರಿನಿಂದ ಬಾತ್ ಎಂದು ಎರಡು ಹೊಳೆ ದಾಟಿದರೂ, ಎರಡೂ ಕಡೆ ದೋಣಿಯ ಬಾಡಿಗೆ ಅಗ್ಗವಾದ್ದರಿಂದ ಅದೇ ಲಾಭ. ಡಾಲರನ್ನು ವಿಮಾನ ಹತ್ತುವಾಗ ಕೊಳ್ಳದೆ, ಕೆಲವು ದಿನ ಮೊದಲೇ ನಾಲ್ಕು ಕಡೆ ವಿಚಾರಿಸಿ ಊರಿನಲ್ಲಿ ಕೊಳ್ಳಬೇಕು. ಹಣದಂಗಡಿಯ ದುರ್ಬುದ್ಧಿ ಹೋದಲ್ಲಿ ಮಾತ್ರವಲ್ಲ, ಹೊರಟಲ್ಲಿಯೂ ಉಂಟು. ಬಹುತೇಕ ದೇಶಗಳಿಗೆ ಹೋಗುವವರು ಒಂದು ಪ್ರಯಾಣಕ್ಕೆ 3,000 ಡಾಲರಿನವರೆಗೆ ನೋಟುಗಳ ರೂಪದಲ್ಲಿ ಕೊಂಡೊಯ್ಯಲು ರಿಸರ್ವ್ ಬ್ಯಾಂಕಿನ ಅನುಮತಿಯಿದೆ. 1970ರ ದಶಕದಲ್ಲಿ ಎಂಟು ಡಾಲರು ಹಿಡಿದು ಹೊರಟವರ ಕಥೆಗಳನ್ನು ಕೇಳಿದವರಿಗೆ ಇದು ಸ್ವಲ್ಪವೇನಲ್ಲ.

ಇನ್ನು ಕಾರ್ಡಿನ ದಾರಿ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತವೆ. ಪರದೇಶದಲ್ಲಿ ನಡೆಯಬೇಕಾದರೆ ಹೊರಡುವ ಮುನ್ನವೇ ಬ್ಯಾಂಕಿಗೆ ತಿಳಿಸಿ ಆ ಸೌಲಭ್ಯವನ್ನು ತೆರೆಸಿಕೊಳ್ಳಬೇಕು. ಥಾಯ್ಲೆಂಡಿನ ಎಟಿಎಂಗಳು ಪರದೇಶದ ಕಾರ್ಡಿಗೆ ಸಾಮಾನ್ಯವಾಗಿ ಸಲಕ್ಕೆ 200 ಬಾತ್‌ಗೂ ಹೆಚ್ಚು ಶುಲ್ಕ ಹಿಡಿಯುತ್ತವೆ. ನಮ್ಮ ಬ್ಯಾಂಕಿನ ಶುಲ್ಕ ಬೇರೆ. ಆದುದರಿಂದ ಸಾವಿರ ಸಾವಿರವಾಗಿ ನಾಲ್ಕು ಬಾರಿ ತೆಗೆಯುವುದಕ್ಕಿಂತ ಒಂದೇ ಬಾರಿ ತೆಗೆಯುವುದು ಮೇಲು.

ಆ ಯಂತ್ರದಲ್ಲಿಯೂ ಒಬ್ಬ ಚಿನಿವಾರ ಅವಿತಿದ್ದಾನೆ. ಹಣ ಹೊರಬರುವ ಮುನ್ನ, ಲೆಕ್ಕವನ್ನು ನಿಮ್ಮ ರೂಪಾಯಿಯಲ್ಲಿಯೇ ಮಾಡಲೇ ಎಂದು ಯಂತ್ರ ಬಹು ವಿನಯದಿಂದ ಕೇಳುತ್ತದೆ. ಪರದೇಶದಲ್ಲಿ ರೂಪಾಯಿಯ ಹೆಸರು ಕಂಡರೆ ಯಾರಿಗಾದರೂ ಅಕ್ಕರೆ ಉಕ್ಕುವುದು ಸಹಜ. ಆದರೆ ಒಪ್ಪಬೇಡಿ. ಒಪ್ಪಿದರೆ ದರ ಕಟ್ಟುವವರು ನಮ್ಮ ಬ್ಯಾಂಕಿನವರಲ್ಲ, ಯಂತ್ರದ ಕಡೆಯವರು. ಆ ದರ ನಮಗೆ ನಷ್ಟದ್ದೇ. ಬೇಡವೆಂದರೂ ಹಣ ಬರುತ್ತದೆ. ಅಂಗಡಿ, ಹೋಟೆಲುಗಳಲ್ಲಿ ಕಾರ್ಡು ಕೊಟ್ಟಾಗಲೂ ಇದೇ ಪ್ರಶ್ನೆ ಬರಬಹುದು. ಉತ್ತರ ಒಂದೇ: ಬಾತ್‌ನಲ್ಲಿಯೇ ಆಗಲಿ.

ಎಲ್ಲ ನಿಲ್ದಾಣಗಳಿಗೂ ಸುವರ್ಣಭೂಮಿಯಂಥ ನೆಲಮಾಳಿಗೆಯಿಲ್ಲ. ಕೆಲವು ಊರುಗಳಲ್ಲಿ ನೋಟಿನ ಅಗತ್ಯವೇ ಬೀಳದು. ಲಂಡನ್ನಿನ ಸುರಂಗ ರೈಲಿಗಾಗಲಿ ಸಿಂಗಪುರದ ರೈಲಿಗಾಗಲಿ ಕಾರ್ಡನ್ನು ಬಾಗಿಲಿಗೆ ತಾಗಿಸಿ ಒಳಗೆ ಹೋಗಬಹುದು. ಊರು ಯಾವುದಾದರೂ ಒಂದು ಪದ್ಧತಿಯನ್ನು ಇಟ್ಟುಕೊಳ್ಳಬಹುದು. ಹೊರಡುವ ದಿನದ ನಡುದರವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೌಂಟರಿನಲ್ಲಿ ಕಮಿಷನ್ ಎಷ್ಟೆಂದು ಕೇಳಬೇಡಿ, "ಈ ನೂರು ಡಾಲರಿಗೆ ನನ್ನ ಕೈಗೆ ಎಷ್ಟು ಬರುತ್ತದೆ?" ಎಂದು ಕೇಳಿ, ಚೀಟಿಯೊಡನೆ ಹೋಲಿಸಿ ನೋಡಿ. ಅಂತರ ದೊಡ್ಡದಾದರೆ ಅಂದಿನ ಖರ್ಚಿಗಷ್ಟೇ ಬದಲಿಸಿ ಮುಂದೆ ನಡೆಯಿರಿ.

ತಾಯಿಯವರಿಗೆ ದಿನದ ಖರ್ಚು ಬರೆದಿಡುವ ಅಭ್ಯಾಸ. ಅಂದು ರಾತ್ರಿ ಅವರ ಪುಸ್ತಕದಲ್ಲಿ ರೈಲು, ಊಟ, ಎಳನೀರು ಇವುಗಳ ಕೆಳಗೆ '540, ಮಗನ ಅವಸರಕ್ಕೆ' ಎಂದು ಬರೆದಿತ್ತು. ಹಿಂದಿರುಗುವಾಗ ಉಳಿದ ಬಾತನ್ನು ಬದಲಿಸಲು ನಾನು ಮತ್ತೆ ಮೇಲಿನ ಕೌಂಟರಿನ ಕಡೆಗೆ ತಿರುಗಿದೆ. ಅಷ್ಟರಲ್ಲಿ ಅವರು ಮಕ್ಕಳ ಕೈ ಹಿಡಿದು ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಿದ್ದರು.