ಎಳೆಯುವ ಮೊದಲು ಹೊರಬೇಕು: ಟ್ರಾವೆಲ್ ಟ್ರೈಲರ್‌ಗೆ ಪಿಕಪ್ ಆರಿಸುವಾಗಿನ ತಪ್ಪು ಕಲ್ಪನೆಗಳು

ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವೂ ಇರುವ ಟ್ರಾವೆಲ್ ಟ್ರೈಲರನ್ನು ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ರಜೆಗೆ ಹೊರಡುವುದು ಅಮೆರಿಕದಲ್ಲಿ ತೀರಾ ಸಾಮಾನ್ಯ. ಅದಕ್ಕಾಗಿ ಟ್ರಕ್ ಕೊಳ್ಳುವವರಲ್ಲಿ ಹೆಚ್ಚಿನವರು ಜಾಹೀರಾತಿನ ಒಂದೇ ಅಂಕಿಯನ್ನು ನೋಡುತ್ತಾರೆ: ಟ್ರಕ್ ಎಷ್ಟು ತೂಕ ಎಳೆಯಬಲ್ಲದು? ಅದು 11,000 ಪೌಂಡ್, ಅಂದರೆ ಸುಮಾರು 5,000 ಕಿಲೋ ಎಂದಿದ್ದರೆ, 7,000 ಪೌಂಡಿನ ಟ್ರೈಲರ್ ಲೆಕ್ಕಕ್ಕೇ ಇಲ್ಲ ಎಂದುಕೊಳ್ಳುತ್ತಾರೆ. ಪಿಕಪ್ ಆಯ್ಕೆಯಲ್ಲಿ ಆಗುವ ತಪ್ಪುಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು.

ಹಾಗೆಂದು ಆ ಅಂಕಿ ಸುಳ್ಳಲ್ಲ. ಇಂದು ಅಮೆರಿಕದ ಪ್ರಮುಖ ತಯಾರಕರು ಅದಕ್ಕಾಗಿ ವಾಹನ ಎಂಜಿನಿಯರ್‌ಗಳ ಸಂಸ್ಥೆಯಾದ ಎಸ್‌ಎಇಯ ಜೆ2807 ಮಾನದಂಡವನ್ನು ಅನುಸರಿಸುತ್ತಾರೆ. ಅದರ ಪರೀಕ್ಷೆಗೆ ಮಾದರಿ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಏರುರಸ್ತೆ. ಸುಮಾರು 18 ಕಿಲೋಮೀಟರ್ ಉದ್ದದ ಆ ಏರನ್ನು 38 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ಟ್ರೈಲರ್ ಸಮೇತ ಹತ್ತಬೇಕು. ಸಾಮಾನ್ಯ ಪಿಕಪ್ಪಿನ ವೇಗ ಗಂಟೆಗೆ 64 ಕಿಲೋಮೀಟರಿಗಿಂತ ಇಳಿಯಬಾರದು. ಆದರೆ ಲೆಕ್ಕದಲ್ಲಿ ಕ್ಯಾಬಿನ್ನಿನೊಳಗೆ ಇರುವುದು ತಲಾ 68 ಕಿಲೋ ತೂಗುವ ಇಬ್ಬರು ಮಾತ್ರ. ಮಕ್ಕಳು, ಸೈಕಲ್, ಐಸ್ ಪೆಟ್ಟಿಗೆ, ಸೌದೆ ಯಾವುದೂ ಅದರಲ್ಲಿಲ್ಲ. ಜಾಹೀರಾತಿನಲ್ಲಿ ಕಾಣುವ ಗರಿಷ್ಠ ಅಂಕಿಯಾದರೂ ನಿರ್ದಿಷ್ಟ ಎಂಜಿನ್, ನಿರ್ದಿಷ್ಟ ಆಕ್ಸಲ್ ಅನುಪಾತ ಇರುವ ಒಂದು ಜೋಡಣೆಗೆ ಸೇರಿದ್ದು. ಅದೇ ಹೆಸರಿನ ಇನ್ನೊಂದು ಟ್ರಕ್ಕಿಗೆ ಅದು ಸಾವಿರಾರು ಪೌಂಡ್ ಕಡಿಮೆ ಇರಬಹುದು.

ಬಹುತೇಕ ಕುಟುಂಬಗಳ ಟ್ರಕ್ಕಿಗೆ ಮೊದಲು ಎದುರಾಗುವ ಮಿತಿ ಎಳೆಯುವುದರದ್ದಲ್ಲ, ಹೊರುವುದರದ್ದು. ಟ್ರೈಲರ್‌ನ ಮುಂತುದಿ ಟ್ರಕ್ಕಿನ ಹಿಂದಿರುವ ಹಿಚ್ ಎಂಬ ಕೊಂಡಿಯ ಮೇಲೆ ಕೂತಿರುತ್ತದೆ. ಟ್ರೈಲರ್ ತೂಕದ ಶೇ. 10ರಿಂದ 15ರಷ್ಟು ಹೀಗೆ ಟ್ರಕ್ಕಿನ ಮೇಲೇ ಬೀಳುತ್ತದೆ. ಈ ಹಿಚ್ ಭಾರ ಟ್ರಕ್ಕಿನ ಪೇಲೋಡ್, ಅಂದರೆ ಹೊರುವ ಮಿತಿಯ, ಲೆಕ್ಕಕ್ಕೆ ಸೇರುತ್ತದೆ. ಪೇಲೋಡ್ ಎಷ್ಟೆಂದು ತಿಳಿಯಲು ಕೈಪಿಡಿ ಹುಡುಕಬೇಕಿಲ್ಲ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಟೈರ್ ವಿವರಗಳಿರುವ, ಹಳದಿ ಪಟ್ಟಿಯ ಸ್ಟಿಕರ್ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟನ್ನು ಎಂದೂ ಮೀರಬಾರದು ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಕೈಪಿಡಿಯ ಅಂಕಿ ಮಾದರಿಗೆ ಸಂಬಂಧಿಸಿದ್ದು. ಸ್ಟಿಕರ್‌ನ ಅಂಕಿ ಎದುರಿಗೆ ನಿಂತಿರುವ ಆ ಒಂದು ಗಾಡಿಯದ್ದು. ಚರ್ಮದ ಸೀಟು, ಗಾಜಿನ ಚಾವಣಿ ಇರುವ ದುಬಾರಿ ಆವೃತ್ತಿಗಳಲ್ಲಿ ಅದು ಕಡಿಮೆಯೇ ಇರುತ್ತದೆ.

ಸ್ಟಿಕರ್‌ನಲ್ಲಿ 1,500 ಪೌಂಡ್, ಅಂದರೆ 680 ಕಿಲೋ ಎಂದು ಇದೆ ಎಂದುಕೊಳ್ಳೋಣ. ಸಾಮಾನು ತುಂಬಿದ ಟ್ರೈಲರ್ 7,000 ಪೌಂಡ್, ಅಂದರೆ 3,175 ಕಿಲೋ. ಶೇ. 13ರಂತೆ ಹಿಚ್ ಭಾರ 413 ಕಿಲೋ. ಹಿಚ್ ಉಪಕರಣಕ್ಕೆ 40 ಕಿಲೋ. ಉಳಿದದ್ದು 227. ಗಂಡ, ಹೆಂಡತಿ, ಇಬ್ಬರು ಮಕ್ಕಳು ಹತ್ತಿ ಕೂತರೆ 220 ಕಿಲೋ ಹೋಯಿತು. ಇನ್ನು ಒಂದು ಚಿಕ್ಕ ಜನರೇಟರ್ ಇಡಲೂ ಜಾಗವಿಲ್ಲ. ಎಳೆಯುವ ಸಾಮರ್ಥ್ಯದಲ್ಲಿ ಮೂರನೇ ಎರಡು ಪಾಲನ್ನೂ ಮುಟ್ಟದ ಟ್ರೈಲರ್ ಹೊರುವ ಸಾಮರ್ಥ್ಯವನ್ನು ಪೂರ್ತಿ ನುಂಗಿಬಿಟ್ಟಿರುತ್ತದೆ.

ಈ ಲೆಕ್ಕವನ್ನು ಮಾರಾಟದ ಕರಪತ್ರದಲ್ಲಿರುವ ಟ್ರೈಲರ್‌ನ ಖಾಲಿ ತೂಕ ಹಿಡಿದು ಮಾಡುವವರೂ ಇದ್ದಾರೆ. ಖಾಲಿ ಟ್ರೈಲರ್ ಎಳೆದುಕೊಂಡು ಯಾರೂ ಪ್ರವಾಸ ಹೋಗುವುದಿಲ್ಲ. 40 ಗ್ಯಾಲನ್ ನೀರೊಂದೇ 151 ಕಿಲೋ ತೂಗುತ್ತದೆ. ಪಾತ್ರೆ, ಬಟ್ಟೆ, ದಿನಸಿ, ಕುರ್ಚಿಗಳು ಬೇರೆ. ಆದ್ದರಿಂದ ಟ್ರೈಲರ್‌ನ ಮೇಲೆ ನಮೂದಾಗಿರುವ ಗರಿಷ್ಠ ಅನುಮತಿತ ತೂಕವನ್ನೇ ಹಿಡಿದು ಲೆಕ್ಕ ಹಾಕುವುದು ಸರಿ.

ಹಿಚ್ ಭಾರ ಹೆಚ್ಚಾಯಿತೆಂದು ಸಾಮಾನನ್ನು ಟ್ರೈಲರ್‌ನ ಹಿಂಭಾಗಕ್ಕೆ ಸರಿಸಿದರೆ ಸಾಕು ಎಂಬ ಸಲಹೆ ಜೀವಕ್ಕೇ ಅಪಾಯ ತರುವಂಥದ್ದು. ಎತ್ತಿನ ಗಾಡಿ ಹಿಂಭಾರವಾದರೆ ನೊಗ ಮೇಲೇಳುವ ಹಾಗೆ, ಇಲ್ಲಿಯೂ ಹಿಚ್ಚಿನ ಮೇಲಿನ ಒತ್ತು ಕಡಿಮೆಯಾಗುತ್ತದೆ. ಅದು ಶೇ. 10ಕ್ಕಿಂತ ಇಳಿದಂತೆ ಟ್ರೈಲರ್ ಹೆದ್ದಾರಿಯ ವೇಗದಲ್ಲಿ ಎಡಬಲಕ್ಕೆ ಹೊಯ್ದಾಡುವ ಸಂಭವ ಏರುತ್ತದೆ. ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗಿನ ಗಾಳಿ ಸಾಕು, ಓಲಾಟ ಶುರುವಾಗಿ ಪ್ರತಿ ಬಾರಿಯೂ ಹಿಗ್ಗುತ್ತಾ ಟ್ರಕ್ಕನ್ನೇ ತಿರುಗಿಸಿಬಿಡಬಹುದು. ಆಗ ವೇಗ ಹೆಚ್ಚಿಸಿದರೆ ಟ್ರೈಲರ್ ನೆಟ್ಟಗಾಗುತ್ತದೆ ಎಂಬುದೂ ತಪ್ಪು. ಸ್ಟೀರಿಂಗ್ ಅಲುಗಿಸದೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಚಾಲಕನ ಕೈಗೆಟುಕುವ ಬ್ರೇಕ್ ಕಂಟ್ರೋಲರ್‌ನಿಂದ ಟ್ರೈಲರ್ ಬ್ರೇಕನ್ನು ಮಾತ್ರ ಒತ್ತಬೇಕು.

ತೂಕ ಹಂಚುವ ಹಿಚ್ ಹಾಕಿಸಿದರೆ ಪೇಲೋಡ್ ಹೆಚ್ಚುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಹಿಂದಿನ ಆಕ್ಸಲ್ ಮೇಲಿನ ಭಾರದ ಒಂದಷ್ಟನ್ನು ಅದು ಮುಂದಿನ ಆಕ್ಸಲ್ಲಿಗೂ ಟ್ರೈಲರ್‌ನ ಚಕ್ರಗಳಿಗೂ ದಾಟಿಸುತ್ತದೆ. ಮುಂದಿನ ಚಕ್ರಗಳಿಗೆ ರಸ್ತೆಯ ಹಿಡಿತ ಮರಳುತ್ತದೆ. ಇದು ಬಹಳ ಉಪಯುಕ್ತ, ಹಲವು ಟ್ರಕ್‌ಗಳಿಗೆ 5,000 ಪೌಂಡ್ ಮೀರಿದರೆ ಕಡ್ಡಾಯ ಕೂಡ. ಆದರೆ ಸ್ಟಿಕರ್‌ನ ಮಿತಿ ಬದಲಾಗುವುದಿಲ್ಲ. ಸ್ಪ್ರಿಂಗ್ ಜೊತೆಗೆ ಏರ್ ಬ್ಯಾಗ್ ಕೂರಿಸಿದರೂ ಅಷ್ಟೇ: ಕುಸಿದ ಹಿಂಭಾಗ ಮೇಲೇಳುತ್ತದೆ, ಆಕ್ಸಲ್, ಟೈರ್, ಬ್ರೇಕ್ ಹಳೆಯವೇ ಇರುತ್ತವೆ.

ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂಬ ವರ್ಗಗಳ ಹೆಸರುಗಳೂ ದಾರಿ ತಪ್ಪಿಸುತ್ತವೆ. ಅರ್ಧ ಟನ್ ವರ್ಗದ ಫೋರ್ಡ್ ಎಫ್-150 ಈಗ ಅರ್ಧ ಟನ್ನಿಗಿಂತ ಎಷ್ಟೋ ಹೆಚ್ಚು ಹೊರುತ್ತದೆ. ಮುಕ್ಕಾಲು ಟನ್ನಿನ ಟ್ರಕ್ ಕೊಂಡರೆ ಚಿಂತೆಯೇ ಇಲ್ಲ ಎಂದೂ ಹೇಳುವಂತಿಲ್ಲ. ಡೀಸೆಲ್ ಎಂಜಿನ್ ಪೆಟ್ರೋಲಿನದ್ದಕ್ಕಿಂತ ನೂರಾರು ಪೌಂಡ್ ಭಾರ. ಟ್ರಕ್ಕಿನ ಒಟ್ಟು ತೂಕದ ಮಿತಿ ಒಂದೇ ಆಗಿದ್ದರೆ ಆ ಹೆಚ್ಚುವರಿ ಭಾರ ಪೇಲೋಡಿನಿಂದಲೇ ಕಡಿತವಾಗುತ್ತದೆ. ಹೀಗಾಗಿ ಅದೇ ಮಾದರಿಯ ಪೆಟ್ರೋಲ್ ಟ್ರಕ್ ಹೆಚ್ಚು ಹೊರಬಲ್ಲದು.

ಬೆಟ್ಟ ಹತ್ತಲು ಡೀಸೆಲ್ಲೇ ಬೇಕೆಂಬುದು ಅರ್ಧ ಸತ್ಯ. ಕೊಲೊರಾಡೊದ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ತಲುಪುವ ಹೊತ್ತಿಗೆ ಟರ್ಬೊ ಇಲ್ಲದ ಎಂಜಿನ್, ವಿರಳ ಗಾಳಿಯಿಂದಾಗಿ, ಶಕ್ತಿಯ ಸುಮಾರು ಮೂರನೇ ಒಂದು ಪಾಲು ಕಳೆದುಕೊಂಡಿರುತ್ತದೆ. ಟರ್ಬೊ ಇದ್ದರೆ ನಷ್ಟ ಬಹಳ ಕಡಿಮೆ. ಎಫ್-150ರ ಇಕೋಬೂಸ್ಟ್‌ನಂಥ ಪೆಟ್ರೋಲ್ ಎಂಜಿನ್ನಿನಲ್ಲೂ ಟರ್ಬೊ ಇದೆ. ಡೀಸೆಲ್‌ನ ನಿಜವಾದ ಅನುಕೂಲ ಇಳಿಜಾರಿನಲ್ಲಿ: ಎಂಜಿನ್ನಿನ ಹೊಗೆಯನ್ನು ತಡೆಹಿಡಿಯುವ ಎಕ್ಸಾಸ್ಟ್ ಬ್ರೇಕ್ ವೇಗವನ್ನು ಹಿಡಿದಿಡುವುದರಿಂದ ಚಕ್ರದ ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ.

ಕೊನೆಗೆ ಯಾವ ಲೆಕ್ಕವೇ ಆಗಲಿ, ತೂಕದ ಸೇತುವೆಯ ಮೇಲೆ ಖಚಿತವಾಗಬೇಕು. ಅಮೆರಿಕದ ಹೆದ್ದಾರಿಗಳ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಯಂತ್ರಗಳಿವೆ. ಪ್ರವಾಸಕ್ಕೆ ಹೊರಡುವಂತೆಯೇ ಸಾಮಾನು ತುಂಬಿ, ಎಲ್ಲರೂ ಕೂತು, ತೂಕ ಹಂಚುವ ಹಿಚ್ಚಿನ ಸರಳುಗಳನ್ನು ಸಡಿಲಿಸಿ, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಮೂರೂ ಬೇರೆ ಬೇರೆ ಹಾಸುಗಳ ಮೇಲೆ ಬರುವಂತೆ ನಿಲ್ಲಿಸಬೇಕು. ಆಮೇಲೆ ಟ್ರೈಲರ್ ಬಿಚ್ಚಿಟ್ಟು, ಅದೇ ಜನರೊಂದಿಗೆ ಟ್ರಕ್ಕನ್ನು ಮಾತ್ರ ತೂಗಬೇಕು. ಟ್ರಕ್ಕಿನ ಎರಡು ತೂಕಗಳ ವ್ಯತ್ಯಾಸವೇ ಹಿಚ್ ಭಾರ. ಟ್ರೈಲರ್ ಮೊದಲೇ ಮನೆಯಲ್ಲಿದ್ದು ಟ್ರಕ್ ಬದಲಿಸುವವರು ಹಳೆಯ ಟ್ರಕ್ಕಿನಲ್ಲೇ ಹೀಗೆ ತೂಗಿಸಿ, ಆ ಚೀಟಿಯನ್ನು ಮಾರಾಟ ಮಳಿಗೆಗೆ ಒಯ್ದು, ಅಲ್ಲಿ ನಿಂತಿರುವ ಒಂದೊಂದೇ ಟ್ರಕ್ಕಿನ ಬಾಗಿಲು ತೆರೆದು ಸ್ಟಿಕರ್ ಜೊತೆ ಹೋಲಿಸಿ ನೋಡಬಹುದು.